ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ

ದಾವಣಗೆರೆಯ ಹೈಸ್ಕೂಲಿನಲ್ಲಿ 34 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ನಮ್ಮ ಊರಿನ ವಿಜ್ಞಾನ ಸಂಘದ ತಿಂಗಳ ಉಪನ್ಯಾಸಕ್ಕೆ ಕುರ್ಚಿ ಹಾಕಿಸುವುದರಿಂದ ಹಿಡಿದು ಮಾತಾಡುವವರನ್ನು ಒಪ್ಪಿಸುವವರೆಗೆ ಎಲ್ಲ ಕೆಲಸದಲ್ಲೂ ಇರುತ್ತೇನೆ. ಹೋದ ಸಂಚಿಕೆಯಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

● ಮೇಡಂ, ನನ್ನ ಮಗ ಎಂಟನೇ ಕ್ಲಾಸು. ವಿಜ್ಞಾನ ಉಪನ್ಯಾಸಕ್ಕೆ ಕರೆದುಕೊಂಡು ಹೋಗು ಅಂತ ಪ್ರತಿ ತಿಂಗಳೂ ಹಟ ಮಾಡುತ್ತಾನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಫೇಲು. ಅಲ್ಲಿ ದೊಡ್ಡ ದೊಡ್ಡವರು ಬಂದಿರುತ್ತಾರಂತೆ. ನನಗೆ ಏನಾದರೂ ಅರ್ಥ ಆಗುತ್ತದಾ? ಅವನನ್ನು ಒಳಗೆ ಕಳಿಸಿ ನಾನು ಹೊರಗೆ ಕಾಯುತ್ತಾ ಕೂತರೆ ಸಾಕಲ್ವಾ?
— ಒಬ್ಬ ತಾಯಿ, ದಾವಣಗೆರೆ

ಹೊರಗೆ ಕೂರಬೇಡಿ ತಾಯಿ. ಒಳಗೆ ಬನ್ನಿ, ಅದೂ ಮುಂದಿನ ಸಾಲಿಗೆ. ಹಿಂದೆ ಕೂತರೆ ಮೇಜಿನ ಮೇಲೆ ಇಟ್ಟದ್ದು ಕಾಣಿಸುವುದಿಲ್ಲ.

ಒಂದು ಸಂಜೆಯ ವಿಷಯ ಹೇಳುತ್ತೇನೆ. ಅವತ್ತಿನ ಉಪನ್ಯಾಸ ‘ಮಂಡಕ್ಕಿ ಯಾಕೆ ಅರಳುತ್ತದೆ?’ ಅಂತ. ಮಂಡಕ್ಕಿ ಮೆಣಸಿನಕಾಯಿ ತಿನ್ನದವರು ನಮ್ಮ ಊರಲ್ಲಿ ಯಾರಿದ್ದಾರೆ? ಆದರೆ ಅದು ಅರಳುವುದನ್ನು ಕಣ್ಣಾರೆ ಕಂಡವರು ಮಂಡಕ್ಕಿ ಹುರಿಯುವ ಭಟ್ಟಿಯವರು ಮಾತ್ರ. ಅದಕ್ಕೇ ಆಹಾರ ವಿಜ್ಞಾನ ಕಲಿಸುವ ಮೇಷ್ಟ್ರ ಜೊತೆಗೆ, ಭಟ್ಟಿಯಲ್ಲಿ ವರ್ಷಗಟ್ಟಲೆ ದುಡಿದ ಒಬ್ಬ ಹೆಣ್ಣುಮಗಳನ್ನೂ ಕರೆದಿದ್ದೆವು. ಮೇಜಿನ ಮೇಲೆ ಗ್ಯಾಸ್ ಒಲೆ, ಕಬ್ಬಿಣದ ಬಾಣಲೆ, ಅದರ ತುಂಬ ಮರಳು. ಪಕ್ಕದಲ್ಲಿ ಎರಡು ಬಟ್ಟಲು. ಒಂದರಲ್ಲಿ ಮನೆಯಲ್ಲಿ ಅನ್ನಕ್ಕೆ ಹಾಕುವ ಅಕ್ಕಿ, ಇನ್ನೊಂದರಲ್ಲಿ ಭಟ್ಟಿಯ ಅಕ್ಕಿ.

ಮೊದಲು ಮನೆ ಅಕ್ಕಿ ಹಾಕಿದರು. ಕೆಂಪಗಾಯಿತು, ಅಷ್ಟೇ. ಆಮೇಲೆ ಆಕೆ ಭಟ್ಟಿ ಅಕ್ಕಿಯನ್ನು ಒಂದು ಹಿಡಿ ಹಾಕಿ ಎರಡು ಸಲ ಕೈಯಾಡಿಸಿದರು. ಚಟಚಟ ಸದ್ದು. ನೋಡುತ್ತಿದ್ದ ಹಾಗೇ ಮರಳಿನೊಳಗಿಂದ ಬೆಳ್ಳಗೆ ಮೇಲೆದ್ದು ಬಂತು. ಜರಡಿಗೆ ಸುರಿದು ಅಲ್ಲಾಡಿಸಿದರು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಸಭಾಂಗಣದ ತುಂಬ ಆ ಪರಿಮಳ. ಹಿಂದಿನ ಸಾಲಿನ ಮಕ್ಕಳೆಲ್ಲ ಕುರ್ಚಿ ಹತ್ತಿ ನಿಂತಿದ್ದರು.

ಭಟ್ಟಿ ಅಕ್ಕಿ ಅಂದರೆ ಭತ್ತವನ್ನೇ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದ್ದು. ಬೆಂದಾಗ ಕಾಳಿನೊಳಗಿನ ಪಿಷ್ಟ ಅಂಟಾಗುತ್ತದೆ. ಒಣಗಿದಾಗ ಬಿರುಕೆಲ್ಲ ಕೂಡಿಕೊಂಡು ಕಾಳು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಒಳಗೆ ಸ್ವಲ್ಪ ತೇವ ಉಳಿದಿರುತ್ತದೆ, ನೂರು ಗ್ರಾಂ ಅಕ್ಕಿಗೆ ಸುಮಾರು ಹತ್ತು ಗ್ರಾಂ. ಕಾದ ಮರಳು ಸುತ್ತಲಿಂದ ಒಟ್ಟಿಗೇ ತಾಗಿದಾಗ ಆ ನೀರು ಆವಿಯಾಗಲು ಹೊರಡುತ್ತದೆ. ನೀರು ಆವಿಯಾದರೆ ಅದಕ್ಕೆ 1,600 ಪಟ್ಟು ಜಾಗ ಬೇಕು. ಗಟ್ಟಿ ಕಾಳು ಬಿಡುವುದಿಲ್ಲ, ಒಳಗೇ ತಡೆಯುತ್ತದೆ. ಬಿಸಿಗೆ ಕಾಳೇ ಮೆತ್ತಗಾಗುತ್ತಲೇ ಆವಿ ಅದನ್ನು ಉಬ್ಬಿಸಿಕೊಂಡು ಹೊರಗೆ ಬರುತ್ತದೆ. ಆರಿದಾಗ ಉಬ್ಬಿದ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಮನೆ ಅಕ್ಕಿಯಲ್ಲೂ ನೀರಿದೆ. ಆದರೆ ಸಣ್ಣ ಸಣ್ಣ ಬಿರುಕಿನಲ್ಲಿ ಆವಿ ಸೋರಿಹೋಗುತ್ತದೆ.

ತೇವ ಎಷ್ಟಿರಬೇಕು ಅಂತ ಮೇಷ್ಟ್ರು ವಿವರಿಸುತ್ತಿದ್ದಾಗ ಆಕೆ ನಡುವೆ ಬಾಯಿ ಹಾಕಿದರು: “ಅಕ್ಕಿ ಉಪ್ಪುನೀರು ಜಾಸ್ತಿ ಕುಡಿದ್ರೂ ಅರಳಂಗಿಲ್ರೀ, ಭಾಳ ಒಣಗಿದ್ರೂ ಅರಳಂಗಿಲ್ಲ. ಕೈಯಾಗ ಹಿಡಿದ್ರ ಗೊತ್ತಾಗ್ತೈತಿ.” ಮೇಷ್ಟ್ರು ತಮ್ಮ ಮಾತು ನಿಲ್ಲಿಸಿ, ಅದನ್ನೇ ಬೋರ್ಡಿನ ಮೇಲೆ ಬರೆದರು.

ಆಮೇಲೆ ಎರಡನೇ ಸಾಲಿನಲ್ಲಿ ಮಗಳ ಜೊತೆ ಕೂತಿದ್ದ ಒಬ್ಬರು ಎದ್ದು, “ಮಳೆಗಾಲದಲ್ಲಿ ಡಬ್ಬಿ ಮುಚ್ಚೋದು ಮರೆತರೆ ಮಂಡಕ್ಕಿ ಯಾಕೆ ಮೆತ್ತಗಾಗುತ್ತೆ? ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ ಆಗುತ್ತಲ್ಲ, ಅದು ಹೇಗೆ?” ಅಂತ ಕೇಳಿದರು. ಗಾಳಿಯ ತೇವ ಹೀರಿಕೊಂಡಾಗ ಪಿಷ್ಟ ಮೆತ್ತಗಾಗುತ್ತದೆ, ಬಿಸಿ ಮಾಡಿದರೆ ತೇವ ಹೋಗಿ ಮತ್ತೆ ಗಟ್ಟಿಯಾಗುತ್ತದೆ. ಅರಳುವುದಕ್ಕೂ ಮೆತ್ತಗಾಗುವುದಕ್ಕೂ ಕಾರಣ ನೀರೇ. ಅವತ್ತಿನ ಎಲ್ಲ ಪ್ರಶ್ನೆಗಳಲ್ಲಿ ಅದೇ ಚೆನ್ನಾಗಿತ್ತು. ಅದನ್ನು ಕೇಳಲು ಬೇಕಾಗಿದ್ದದ್ದು ಅಡುಗೆಮನೆಯಲ್ಲಿ ನಿಂತು ನೋಡಿದ ಕಣ್ಣು.

ಇನ್ನು ಓದು. ವಿದ್ಯುತ್ತಿನ ಬಗ್ಗೆ ಓದುವಾಗ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿಯ ಹೆಸರು ಬರುತ್ತದೆ. ಲಂಡನ್ನಿನ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1810ರಲ್ಲಿ ಟೇಟಮ್ ಎಂಬುವರು ತಮ್ಮ ಮನೆಯಲ್ಲೇ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ನಡೆಸುತ್ತಿದ್ದರು. ಒಂದಕ್ಕೆ ಒಂದು ಶಿಲ್ಲಿಂಗ್. ಆ ಶಿಲ್ಲಿಂಗ್ ಕೊಟ್ಟವನು ಅವನ ಅಣ್ಣ, ಅವನೂ ಕಮ್ಮಾರನೇ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಹುಡುಗ ಕೇಳಿದ್ದನ್ನೆಲ್ಲ ಬರೆದು, ಚಿತ್ರ ಹಾಕಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಡೇವಿ ಇದ್ದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. ದೊಡ್ಡ ವಿಜ್ಞಾನಿಯಾದ ಮೇಲೆ ಅದೇ ಸಂಸ್ಥೆಯಲ್ಲಿ ಮಕ್ಕಳಿಗೆ ಕ್ರಿಸ್‌ಮಸ್ ಹೊತ್ತಿನ ಉಪನ್ಯಾಸ ಕೊಡುತ್ತಿದ್ದರು. ಮೇಣದಬತ್ತಿ ಒಂದನ್ನೇ ಇಟ್ಟುಕೊಂಡು ಆರು ಉಪನ್ಯಾಸ! ನಮ್ಮ ಮಂಡಕ್ಕಿಗೆ ಧೈರ್ಯ ಬಂದದ್ದು ಆ ಮೇಣದಬತ್ತಿಯಿಂದಲೇ.

ನಮ್ಮಲ್ಲಿ ಶಿಲ್ಲಿಂಗೂ ಬೇಡ, ದುಡ್ಡೇ ಇಲ್ಲ. ಬನ್ನಿ.

● ಎಲ್ಲ ಉಪನ್ಯಾಸವೂ ಯೂಟ್ಯೂಬಿನಲ್ಲಿ ಸಿಗುತ್ತದೆ. ಅದಕ್ಕೆಂದೇ ಬಸ್ಸು ಹಿಡಿದು ದಾವಣಗೆರೆಗೆ ಬರಬೇಕಾ?
— ಹರಿಹರದ ಓದುಗರು

ನಾನೂ ನೋಡುತ್ತೇನೆ, ಒಳ್ಳೆಯವು ಬೇಕಾದಷ್ಟಿವೆ. ಆದರೆ ಫೋನಿನ ಮುಂದೆ ಕೈ ಎತ್ತಿದರೆ ಮಾತಾಡುವವರು ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ಕೂತವರ ಪ್ರಶ್ನೆಯೂ ಕೇಳಿಸುವುದಿಲ್ಲ. ಹರಿಹರದಿಂದ ಹದಿನಾಲ್ಕು ಕಿಲೋಮೀಟರು, ಒಂದು ಸಲ ಬಂದು ನೋಡಿ.

● ನಾವು ಚಿತ್ರದುರ್ಗದಲ್ಲಿ ಕೆಲವು ಉಪನ್ಯಾಸಕರು ಸೇರಿ ತಿಂಗಳ ಉಪನ್ಯಾಸ ಶುರು ಮಾಡಿದೆವು. ಮೊದಲ ಸಲ ಹಾಲ್ ತುಂಬಿತ್ತು. ನಾಲ್ಕನೇ ಸಲಕ್ಕೆ ಒಂಬತ್ತು ಜನ. ಫೆಬ್ರವರಿ 28ರ ವಿಜ್ಞಾನ ದಿನ ಒಂದನ್ನೇ ಜೋರಾಗಿ ಮಾಡಿ ಸುಮ್ಮನಾಗೋಣ ಅನ್ನುತ್ತಿದ್ದಾರೆ. ನಿಮ್ಮ ಸಲಹೆ?
— ಕಾಲೇಜು ಉಪನ್ಯಾಸಕರು, ಚಿತ್ರದುರ್ಗ

ದಯವಿಟ್ಟು ನಿಲ್ಲಿಸಬೇಡಿ ಸರ್. ಒಂಬತ್ತು ಜನ ಕಡಿಮೆಯಲ್ಲ. ಕುರ್ಚಿಗಳನ್ನು ಮೇಜಿನ ಸುತ್ತ ಹಾಕಿ, ಅದೇ ಒಳ್ಳೆಯ ಉಪನ್ಯಾಸವಾಗುತ್ತದೆ.

ನಿಮ್ಮ ಪತ್ರದ ಜೊತೆ ಇಟ್ಟಿದ್ದ ಆಮಂತ್ರಣ ನೋಡಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಮೂವರಿಗೆ ಸನ್ಮಾನ, ಅಧ್ಯಕ್ಷರ ಭಾಷಣ. ಉಪನ್ಯಾಸ ಏಳನೆಯದು. ಇದು ನನಗೆ ನೋವಿನ ವಿಷಯ, ಅದಕ್ಕೇ ನೇರವಾಗಿ ಹೇಳುತ್ತೇನೆ. ಹಿಂದೆ ಒಂದು ಕಾಲೇಜಿಗೆ ನಮ್ಮ ಶಾಲೆಯ ನಲವತ್ತು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನಕ್ಷತ್ರಗಳ ಬಗ್ಗೆ ಮಾತಾಡಲು ಒಬ್ಬರು ದೂರದಿಂದ ಬಂದಿದ್ದರು. ವೇದಿಕೆ ಮೇಲೆ ಹನ್ನೊಂದು ಜನ. ಹಾರ, ಶಾಲು, ಭಾಷಣ ಮುಗಿಯುವಾಗ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು. ಹಳ್ಳಿ ಬಸ್ಸಿನ ಹೊತ್ತಾಯಿತು ಅಂತ ನನ್ನ ಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಮಾತಾಡಲು ಬಂದವರು ದೂರದರ್ಶಕವನ್ನು ಪೆಟ್ಟಿಗೆಯಲ್ಲಿಟ್ಟು ಹೊತ್ತು ತಂದಿದ್ದರು. ಆ ಪೆಟ್ಟಿಗೆ ತೆರೆಯಲೇ ಇಲ್ಲ. ಈಗ ನಮ್ಮಲ್ಲಿ ಐದು ಗಂಟೆಗೆ ಒಬ್ಬರು ಎದ್ದು ಎರಡು ಮಾತಲ್ಲಿ ಪರಿಚಯ ಮಾಡುತ್ತಾರೆ, ಐದೂ ಎರಡಕ್ಕೆ ಉಪನ್ಯಾಸ ಶುರು. ನಲವತ್ತು ನಿಮಿಷ ಮಾತು, ಅರ್ಧ ಗಂಟೆ ಪ್ರಶ್ನೆ. ಪ್ರಶ್ನೆಯ ಹೊತ್ತನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಎರಡನೆಯದು ವಿಷಯ. ನಿಮ್ಮ ನಾಲ್ಕು ವಿಷಯಗಳಲ್ಲಿ ಮೂರು ಕಪ್ಪುಕುಳಿ, ಕ್ವಾಂಟಮ್, ನ್ಯಾನೋ. ಎಲ್ಲ ಚೆನ್ನ, ಆದರೆ ಮೊದಲು ಚಿತ್ರದುರ್ಗದಿಂದ ಶುರು ಮಾಡಬಾರದಾ? ನಿಮ್ಮ ಊರಿನ ಹತ್ತಿರವೇ ಮರಡಿಹಳ್ಳಿ ಇದೆ. ಅಲ್ಲಿಯ ಬಂಡೆಗಳು ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗಿವೆ. ಭೂಗರ್ಭದಿಂದ ಉಕ್ಕಿದ ಲಾವಾ ನೀರಿನೊಳಗೆ ಬಿದ್ದಾಗ ಮೇಲಿನ ಪದರ ತಕ್ಷಣ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಲಾವಾ ಅದನ್ನು ಒಡೆದು ಇನ್ನೊಂದು ಗುಂಡಾಗಿ ಹೊರಬರುತ್ತದೆ. ಹಾಗೆ ಆದ ದಿಂಬುಗಳು ಅವು. ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಇವತ್ತು ಮಳೆಗೆ ಮುಖ ಮಾಡಿ ಕೂತಿರುವ ನಿಮ್ಮ ಬಯಲುಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತು! ಬೆಳಿಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂಡೆ ಮುಟ್ಟಿಸಿ, ಸಂಜೆ ಉಪನ್ಯಾಸ ಇಡಿ. ಬಂಡೆ ಒಡೆದು ತರಬೇಡಿ ಅಂತ ಮಾತ್ರ ಮೊದಲೇ ಹೇಳಿ.

ಇನ್ನೊಂದು ಇದೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ನೋಡಲು ಜನ ಜಾತ್ರೆಯ ಹಾಗೆ ಸೇರಿದ್ದರು. 1907ರಲ್ಲಿ ಮುಗಿದ ಅಣೆಕಟ್ಟು ಅಷ್ಟು ವರ್ಷ ಯಾಕೆ ತುಂಬಲಿಲ್ಲ, ವೇದಾವತಿಗೆ ನೀರು ಎಲ್ಲಿಂದ ಬರುತ್ತದೆ, ನಮ್ಮ ಬೋರ್‌ವೆಲ್ ಯಾಕೆ ಬತ್ತುತ್ತದೆ ಅಂತ ಒಂದು ಸಂಜೆ ಇಟ್ಟು ನೋಡಿ. ಹಿರಿಯೂರಿನ ರೈತರೂ ಬರುತ್ತಾರೆ. ಮಾತಾಡುವವರಿಗೆ ಬೆಂಗಳೂರಿನ ಕಡೆ ನೋಡಬೇಕಾಗಿಲ್ಲ. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಅವರನ್ನೇ ಕೇಳಿ.

ಫೆಬ್ರವರಿ 28ರ ಬಗ್ಗೆ ಒಂದೇ ಮಾತು. 1928ರ ಆ ದಿನ ರಾಮನ್ ಪರಿಣಾಮ ಪತ್ತೆಯಾದದ್ದು ಕೋಲ್ಕತ್ತದ ಒಂದು ವಿಜ್ಞಾನ ಸಂಘದ ಕಟ್ಟಡದಲ್ಲಿ. ಮಹೇಂದ್ರಲಾಲ್ ಸರ್ಕಾರ್ ಅನ್ನುವ ಡಾಕ್ಟರು ಊರವರಿಂದ ಚಂದಾ ಎತ್ತಿ 1876ರಲ್ಲಿ ಕಟ್ಟಿದ ಸಂಘ ಅದು. ಅಲ್ಲಿಯೂ ಸಾರ್ವಜನಿಕ ಉಪನ್ಯಾಸ ನಡೆಯುತ್ತಿತ್ತು. 1907ರಲ್ಲಿ ಹಣಕಾಸು ಇಲಾಖೆಯ ಕೆಲಸಕ್ಕೆ ಬಂದ ರಾಮನ್ ಆಫೀಸಿನ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಪ್ರಯೋಗ ಮಾಡುತ್ತಿದ್ದರು. ವರ್ಷಕ್ಕೊಂದೇ ದಿನ ಬಾಗಿಲು ತೆರೆಯುವ ಸಂಘವಾಗಿದ್ದರೆ ರಾಮನ್ ಎಲ್ಲಿಗೆ ಹೋಗಬೇಕಿತ್ತು?

● ನಾನು ಫಸ್ಟ್ ಪಿಯುಸಿ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಉಪನ್ಯಾಸದಲ್ಲಿ ಪ್ರಶ್ನೆ ಕೇಳಬೇಕು ಅನಿಸುತ್ತದೆ, ಇಂಗ್ಲಿಷ್ ಬರಲ್ಲ ಅಂತ ಸುಮ್ಮನಿರುತ್ತೇನೆ.
— ವಿದ್ಯಾರ್ಥಿನಿ, ಜಗಳೂರು

ಕನ್ನಡದಲ್ಲೇ ಕೇಳಮ್ಮ, ಏನೂ ಕಡಿಮೆಯಾಗುವುದಿಲ್ಲ. ಎದ್ದು ನಿಲ್ಲಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡು. ನಾವು ಬಾಗಿಲ ಹತ್ತಿರ ಒಂದು ಡಬ್ಬಿ ಇಡುತ್ತೇವೆ, ಹೆಸರು ಬರೆಯಬೇಕಾಗಿಲ್ಲ. ಮಂಡಕ್ಕಿಯ ಸಂಜೆ ಆ ಡಬ್ಬಿಯಲ್ಲಿ ಸಿಕ್ಕ ಒಂದು ಚೀಟಿ: “ನಮ್ಮ ಹೊಲದ ಮೆಕ್ಕೆಜೋಳ ಹುರಿದರೆ ಪಾಪ್‌ಕಾರ್ನ್ ಯಾಕೆ ಆಗಲ್ಲ?” ನಮ್ಮ ಜಿಲ್ಲೆಯ ತುಂಬ ಮೆಕ್ಕೆಜೋಳ, ಆದರೂ ನನಗೆ ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ಪಾಪ್‌ಕಾರ್ನ್ ತಳಿಯ ಸಿಪ್ಪೆ ಗಟ್ಟಿ, ಸಂದಿಲ್ಲದ ಹಾಗೆ ಮುಚ್ಚಿರುತ್ತದೆ. ಒಳಗಿನ ಆವಿಯನ್ನು ಸುಮಾರು 180 ಡಿಗ್ರಿವರೆಗೂ ತಡೆದು ಒಮ್ಮೆಲೇ ಸಿಡಿಯುತ್ತದೆ. ಹೊಲದ ಜೋಳದ ಸಿಪ್ಪೆ ಅಷ್ಟು ತಡೆಯುವುದಿಲ್ಲ, ಆವಿ ಮೊದಲೇ ಸೋರುತ್ತದೆ. ಇಂಥ ಪ್ರಶ್ನೆ ನಿನ್ನ ಹತ್ತಿರವೂ ಇರುತ್ತದೆ. ಮನೆಯಲ್ಲೇ ಬರೆದುಕೊಂಡು ಬಾ.

● ಗ್ರಹಣದ ದಿನ ವಿಜ್ಞಾನ ಸಂಘದವರು ಮೈದಾನದಲ್ಲಿ ಗ್ರಹಣ ತೋರಿಸಿ ಉಪನ್ಯಾಸ ಮಾಡುತ್ತಾರಂತೆ. ಮಗಳನ್ನು ಕರೆದುಕೊಂಡು ಹೋಗಲು ನನಗೆ ಆಸೆ. ಗ್ರಹಣ ನೋಡಬಾರದು ಅಂತ ಅತ್ತೆಗೆ ಹೆದರಿಕೆ, ಮನಸ್ಸಿಗೆ ಬೇಜಾರು ಮಾಡಿಕೊಂಡಿದ್ದಾರೆ. ಅವರಿಗೆ ಏನು ಹೇಳಲಿ?
— ಹೆಸರು ಬೇಡ, ಹೊನ್ನಾಳಿ

ವಾದ ಮಾಡಬೇಡಿ ತಂಗಿ. ಅವರ ಹೆದರಿಕೆ ಮೊಮ್ಮಗಳ ಮೇಲಿನ ಪ್ರೀತಿಯದು. ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿದರೆ ಕಣ್ಣು ಹೋಗಬಹುದು ಅನ್ನುವುದು ನಿಜ. ಎಕ್ಸ್‌ರೇ ಫಿಲಂ, ಮಸಿ ಹಚ್ಚಿದ ಗಾಜು ಕೂಡ ಬೇಡ. ಆ ಮಟ್ಟಿಗೆ ಅತ್ತೆ ಹೇಳುವುದರಲ್ಲಿ ನಿಜವಿದೆ, ಅದನ್ನು ಅವರ ಮುಂದೆಯೇ ಒಪ್ಪಿಕೊಳ್ಳಿ.

1980ರ ಫೆಬ್ರವರಿ 16. ಆಗ ನನಗೆ ಹದಿನೇಳು. ಅಂಕೋಲಾ, ರಾಯಚೂರು ಕಡೆ ಪೂರ್ಣ ಸೂರ್ಯಗ್ರಹಣ. ನಮ್ಮ ಹಳ್ಳಿ ಕಡೆ ಸೂರ್ಯ ಬಹುಪಾಲು ಮುಚ್ಚಿಹೋಗಿದ್ದ. ನಮ್ಮದು ಮಣ್ಣಿನ ಮಾಳಿಗೆ ಮನೆ. ಅಜ್ಜಿ ಬಾಗಿಲು ಹಾಕಿ, ಗವಾಕ್ಷಿಗೂ ಗೋಣಿಚೀಲ ಹೊದಿಸಿದ್ದರು. ಚೀಲದಲ್ಲಿ ಒಂದು ತೂತಿತ್ತು. ಅದರಿಂದ ಬಂದ ಬೆಳಕು ಗೋಡೆ ಮೇಲೆ ರೂಪಾಯಿ ಬಿಲ್ಲೆಯಷ್ಟು ದುಂಡಗೆ ಬಿದ್ದಿತ್ತು. ನೋಡುತ್ತಾ ಕೂತೆ. ಬಿಲ್ಲೆಯ ಒಂದು ಅಂಚು ಕರಗಿತು. ಅರ್ಧವಾಯಿತು. ಕೊನೆಗೆ ಬಿದಿಗೆ ಚಂದ್ರನ ಹಾಗೆ ತೆಳ್ಳಗಾಯಿತು. ಅಜ್ಜಿಗೆ ತೋರಿಸಿದೆ. ಅವರು ಕೈಮುಗಿದರು. ಏನದು ಅಂತ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ, ಊರಲ್ಲೂ ಇರಲಿಲ್ಲ. ಗೋಡೆ ಮೇಲೆ ಬಿದ್ದದ್ದು ಸೂರ್ಯನ ಚಿತ್ರವೇ ಅಂತ ನನಗೆ ತಿಳಿದದ್ದು ಬಿ.ಎಸ್ಸಿ.ಯಲ್ಲಿ.

2019ರ ಡಿಸೆಂಬರ್ 26ರಂದು ಮತ್ತೆ ಸೂರ್ಯಗ್ರಹಣ. ಬೆಳಿಗ್ಗೆ ನಮ್ಮ ಶಾಲೆಯ ಮೈದಾನದಲ್ಲಿ ಸಂಘದವರು ಗ್ರಹಣದ ಕನ್ನಡಕ ಇಟ್ಟುಕೊಂಡು ನಿಂತಿದ್ದರು. ಒಬ್ಬ ಹುಡುಗನ ಅಜ್ಜಿ ಗೇಟಿನ ಹೊರಗೇ ನಿಂತಿದ್ದರು. ಮೇಲೆ ನೋಡಲು ಒಪ್ಪಲಿಲ್ಲ. ನಾನು ಮನೆಯಿಂದ ತಂದಿದ್ದ, ಮೆಣಸಿನಕಾಯಿ ಕರಿಯುವ ಜಾಲರಿ ಸೌಟನ್ನು ಅವರ ಕೈಗೆ ಕೊಟ್ಟು, “ಸೂರ್ಯನಿಗೆ ಬೆನ್ನು ಹಾಕಿ ಹಿಡೀರಿ, ನೆಲ ನೋಡಿದರೆ ಸಾಕು” ಅಂದೆ. ನೆಲದ ಮೇಲೆ ಸೌಟಿನ ನೆರಳು, ಅದರ ತುಂಬ ಪುಟ್ಟ ಪುಟ್ಟ ಅರ್ಧಚಂದ್ರಗಳು. ಅಜ್ಜಿ ಸೌಟನ್ನು ಮೇಲೆ ಎತ್ತಿದರು, ಚಂದ್ರಗಳು ದೊಡ್ಡವಾದವು. ಕೆಳಗೆ ಇಳಿಸಿದರು, ಚಿಕ್ಕವಾದವು. ಸೌಟನ್ನು ತಿರುಗಿಸಿ ತೂತುಗಳನ್ನು ಬೆರಳಲ್ಲಿ ಮುಟ್ಟಿ ನೋಡಿ, “ತೂತು ದುಂಡಗೈತಿ, ಬೆಳಕು ಯಾಕ ಮುರುಕಾಗೈತಿ?” ಅಂತ ಕೇಳಿದರು. ಒಂದೊಂದು ತೂತೂ ಸೂರ್ಯನದೇ ಒಂದೊಂದು ಚಿತ್ರ ಬಿಡಿಸುತ್ತಿದೆ, ಈಗ ಸೂರ್ಯನೇ ಹಾಗಿದ್ದಾನೆ ಅಂದೆ. ಅವರು ಮೊಮ್ಮಗನನ್ನು ಕೂಗಿ ಕರೆದರು.

ನಿಮ್ಮ ಅತ್ತೆಯನ್ನೂ ಕರೆದುಕೊಂಡು ಹೋಗಿ. ಸೌಟು ಅವರ ಕೈಗೇ ಕೊಡಿ.