ಬಚ್ಚಲಿಗೆ ಹೋಗಲು ಹೆದರುತ್ತಿದ್ದವರು

ಶಿರಸಿ ಕಡೆಯ ತೋಟದ ಮನೆಯ ಮಹಿಳೆ, 60 ದಾಟಿದವರು (ಗುರುತು ಸಿಗದಂತೆ ವಿವರ ಬದಲಿಸಿದೆ). ಬೀಡಿ ಮುಟ್ಟಿದವರಲ್ಲ. ಅಡುಗೆ ಒಲೆ, ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ಎಲ್ಲದರ ಹೊಗೆ ಕುಡಿದ ಶ್ವಾಸಕೋಶ. ವೈದ್ಯರು ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರು ಹೊರಬಿಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಎಂದು ಗುರುತಿಸಿ, ಔಷಧ ಎಳೆದುಕೊಳ್ಳುವ ಪಂಪು (ಇನ್‌ಹೇಲರ್) ಕೊಟ್ಟಿದ್ದರು. ಆಪ್ತಸಲಹೆಗೆ ಕರೆತಂದದ್ದು ಸ್ನಾನದ ವಿಷಯಕ್ಕೆ: ವಾರವಾದರೂ ಬಚ್ಚಲಿಗೆ ಹೋಗುವುದಿಲ್ಲ, ಬರೀ ಆಲಸ್ಯ ಎಂದು ಮನೆಯವರ ದೂರು.

ಆಲಸ್ಯವಲ್ಲ, ಭಯ. ಚೊಂಬು ತಲೆಯ ಮೇಲೆತ್ತಿದಾಗ ಉಸಿರು ಕಟ್ಟಿ, ಚಿಲಕ ಹಾಕಿದ ಬಚ್ಚಲಲ್ಲಿ ಒಬ್ಬರೇ ಎರಡು ಸಲ ಕುಸಿದು ಕೂತಿದ್ದರು. ಈ ಕಾಯಿಲೆಯಲ್ಲಿ ಹೆಗಲು, ಕುತ್ತಿಗೆಯ ಸ್ನಾಯುಗಳೂ ಉಸಿರಾಟಕ್ಕೆ ಕೈಜೋಡಿಸಿರುತ್ತವೆ. ತೋಳು ಮೇಲೆತ್ತಿದರೆ ಆ ನೆರವು ತಪ್ಪುತ್ತದೆ. ಬಗ್ಗಿದರೆ ಹೊಟ್ಟೆ ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಒತ್ತುತ್ತದೆ. ಜೊತೆಗೆ ಹಂಡೆಯ ಹಬೆ, ಹೊಗೆ. ಗಾಬರಿಯಲ್ಲಿ ಹಳೆಯ ಗಾಳಿ ಹೊರಬೀಳುವ ಮೊದಲೇ ಹೊಸದನ್ನು ಎಳೆಯುತ್ತಾರೆ, ಎದೆ ಉಬ್ಬಿಯೇ ಉಳಿಯುತ್ತದೆ. ಆಗ ಮನೆಯವರು "ಜೋರಾಗಿ ಉಸಿರು ತಗೋ" ಎನ್ನುವುದು ಉಪಕಾರವಲ್ಲ. "ನಿಧಾನ ಬಿಡು" ಎನ್ನಬೇಕು.

ಅದನ್ನೇ ಮೊದಲು ಕಲಿಸಿದ್ದು, ಆರಾಮವಾಗಿರುವ ಹೊತ್ತಿನಲ್ಲಿ: ಮೂಗಿನಿಂದ 2 ಎಣಿಸುವಷ್ಟು ಒಳಗೆ, ತುಟಿ ಚೂಪು ಮಾಡಿ 4 ಎಣಿಸುವಷ್ಟು ಹೊರಗೆ. ಎದುರಿಗೆ ದೀಪವಿದ್ದರೆ ಕುಡಿ ಬಾಗಬೇಕು, ಆರಬಾರದು. ತುಟಿಯ ಈ ತಡೆಯಿಂದ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಉಸಿರು ಕಟ್ಟಿದಾಗ ಕೂತು, ಮುಂದೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರುವುದು. ಮುಖಕ್ಕೆ ಗಾಳಿ ಬಿದ್ದರೆ ಏದುಸಿರು ಇಳಿದಂತಾಗುತ್ತದೆ. ಅಡಿಕೆ ಹಾಳೆಯ ಬೀಸಣಿಗೆಯೂ ಸಾಕು, ಬೀಸುವವರು ಬೇರೆಯವರಿರಲಿ.

ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ. ಒಲೆ ಆರಿ ಹೊಗೆ ಹೋದ ಮೇಲೆ, ಕಿಟಕಿ ತೆರೆದು, ಉಗುರುಬೆಚ್ಚಗಿನ ನೀರು. ಬಕೆಟ್ಟು ಸ್ಟೂಲಿನ ಮೇಲೆ, ಬಗ್ಗುವಂತಿಲ್ಲ. ಚೊಂಬು ಹೆಗಲಿಗಿಂತ ಮೇಲೆ ಏಳಬಾರದು, ಉಸಿರು ಬಿಡುತ್ತಲೇ ನೀರು ಸುರಿದುಕೊಳ್ಳುವುದು. ಚಿಲಕ ಬೇಡ. ಮೈ ತಿಕ್ಕಿ ಒರೆಸುವ ಬದಲು ದೊಡ್ಡ ಟವೆಲ್ ಹೊದ್ದು ಕೂರುವುದು.

ಪಂಪು ಬಳಸುವುದನ್ನು ಕಣ್ಣಾರೆ ನೋಡಿದಾಗ ಇನ್ನೊಂದು ತಪ್ಪು ಸಿಕ್ಕಿತು: ಒತ್ತಿದ ಮೇಲೆ ತಡವಾಗಿ ಎಳೆಯುತ್ತಿದ್ದರು, ಔಷಧವೆಲ್ಲ ನಾಲಗೆಯ ಮೇಲೆ. ವೈದ್ಯರನ್ನು ಕೇಳಿ ಸ್ಪೇಸರ್ (ಪಂಪಿಗೆ ಜೋಡಿಸಿ, ಔಷಧವನ್ನು ನಿಧಾನ ಎಳೆಯಲು ನೆರವಾಗುವ ಕೊಳವೆ) ತರಿಸಲಾಯಿತು. ಅಲುಗಾಡಿಸಿ, ಉಸಿರು ಬಿಟ್ಟು, ಒಂದೇ ಸಲ ಒತ್ತಿ, ನಿಧಾನ ಎಳೆದು 10 ಸೆಕೆಂಡು ಹಿಡಿಯುವುದು. ಸ್ಟೆರಾಯ್ಡ್ ಪಂಪಾದರೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ರ (ಶಿಲೀಂಧ್ರದ ಸೋಂಕು) ಬರಬಹುದು.

ಮನೆಯವರಿಗೆ ಬರೆದುಕೊಟ್ಟದ್ದು: ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆ. ಕಫ ಹೆಚ್ಚಿ ಹಸಿರಾದರೆ ಅಂದೇ ವೈದ್ಯರಲ್ಲಿಗೆ.

ಮೂರು ವಾರದ ನಂತರ ದಿನ ಬಿಟ್ಟು ದಿನ ಸ್ನಾನ ಮಾಡುತ್ತಿದ್ದಾರೆ. ತಲೆಗೆ ಮಾತ್ರ ಸೊಸೆಯೇ ನೀರು ಹಾಕುವುದು.