ಡಿಪ್ರೆಶನ್‌ಗೆ ಮಾತ್ರೆ ತಗೊಂಡವನಿಗೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ತೊಂದರೆ ಆಗುತ್ತಾ?

ಪ್ರಶ್ನೆ: ನಮ್ಮದು ಹೊಳೆನರಸೀಪುರದ ಹತ್ತಿರ ಒಂದು ಹಳ್ಳಿ. ಮಗನಿಗೆ ಕೇಂದ್ರ ಸರ್ಕಾರದಲ್ಲಿ ಟೆಕ್ನೀಷಿಯನ್ ಕೆಲಸ ಸಿಕ್ಕಿದೆ. ಪೊಲೀಸ್ ವೆರಿಫಿಕೇಶನ್, ಮೆಡಿಕಲ್ ಎರಡೂ ಬಾಕಿ. ಒಂದು ವರ್ಷದಿಂದ ಹಾಸನದ ಡಾಕ್ಟರ ಹತ್ತಿರ ಖಿನ್ನತೆಗೆ ಮಾತ್ರೆ ತಗೊಳ್ತಿದ್ದ. 'ಗೊತ್ತಾದರೆ ಕೆಲಸ ಹೋಗುತ್ತೆ, ಚೀಟಿಗಳನ್ನೆಲ್ಲ ಸುಟ್ಟುಬಿಡಿ' ಅಂತ ಅವನ ಚಿಕ್ಕಪ್ಪ ಹೇಳ್ತಾರೆ. ಅಮೆರಿಕದಲ್ಲೂ ಇಂಥವರಿಗೆ ಸೂಕ್ಷ್ಮ ಸರ್ಕಾರಿ ಕೆಲಸಕ್ಕೆ ಬೇಕಾದ ಕ್ಲಿಯರೆನ್ಸ್ (ಭದ್ರತಾ ಅನುಮತಿ) ಕೊಡಲ್ಲವಂತೆ. ಮಗ ಹೆದರಿ ಹೋದ ವಾರ ಮಾತ್ರೆ ನಿಲ್ಲಿಸಿದ್ದಾನೆ.

ಉತ್ತರ: ಅಮ್ಮಾ, ಮೊದಲು ಮಾತ್ರೆಯ ವಿಷಯ. ಈ ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ತಲೆ ಸುತ್ತಬಹುದು, ನಿದ್ದೆ ಕೆಡಬಹುದು, ಸಿಡಿಮಿಡಿ ಜಾಸ್ತಿಯಾಗಬಹುದು. ಕಾಯಿಲೆ ಮರಳಲೂಬಹುದು. ಮೆಡಿಕಲ್ ಹೊತ್ತಿಗೆ ಅವನು ಹಾಗಿದ್ದರೆ ಹೇಗೆ? ನಾಳೆಯೇ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನು ವೆರಿಫಿಕೇಶನ್. ಇದಕ್ಕಾಗಿ ಅಭ್ಯರ್ಥಿ ತುಂಬಿಕೊಡುವ ಕೇಂದ್ರ ಸರ್ಕಾರದ ಅಟೆಸ್ಟೇಶನ್ ಫಾರ್ಮಿನಲ್ಲಿ ಕೇಳುವುದು ಎಲ್ಲೆಲ್ಲಿ ವಾಸವಿದ್ದಿರಿ, ಎಲ್ಲಿ ಓದಿದಿರಿ, ಬಂಧನ ಆಗಿತ್ತಾ, ಕೇಸಿದೆಯಾ, ಶಿಕ್ಷೆಯಾಗಿದೆಯಾ, ಇಂಥವು. ಖಿನ್ನತೆಗೆ ಮದ್ದು ತಗೊಂಡಿದ್ದು ಅಪರಾಧವಲ್ಲ.

ಆರೋಗ್ಯದ ಪ್ರಶ್ನೆ ಬರುವುದು ಮೆಡಿಕಲ್‌ನಲ್ಲಿ. ಅಲ್ಲಿ ಹಿಂದಿನ ಕಾಯಿಲೆಗಳ ಬಗ್ಗೆ ಬರೆಸಿಕೊಂಡು ಸಹಿ ಹಾಕಿಸುತ್ತಾರೆ. ಬೇಕೆಂದೇ ಮುಚ್ಚಿಟ್ಟರೆ ನೇಮಕಾತಿ ರದ್ದಾಗಬಹುದು. ಚಿಕ್ಕಪ್ಪನವರ ಸಲಹೆಯಲ್ಲಿರುವ ಅಪಾಯ ಇದೇ. ಕಾಯಿಲೆಯಿಂದ ಹೋಗದ ಕೆಲಸ ಸುಳ್ಳಿನಿಂದ ಹೋಗಬಹುದು. ಕೇಳಿದ್ದಕ್ಕೆ ನಿಜ ಬರೆಯಲಿ. ಕೇಳದೆ ಇರುವುದನ್ನು ಊರಿಗೆಲ್ಲ ಹೇಳಬೇಕಾಗಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಮಗನ ಪರವಾಗಿದೆ. ಹಿಂದೆ ಚಿಕಿತ್ಸೆ ಪಡೆದಿದ್ದ ಅನ್ನುವ ಒಂದೇ ಕಾರಣಕ್ಕೆ ಈಗಲೂ ಕಾಯಿಲೆಯಿದೆ ಎಂದು ತೀರ್ಮಾನಿಸುವಂತಿಲ್ಲ. ಇದು 3ನೇ ಸೆಕ್ಷನ್. 23ನೇ ಸೆಕ್ಷನ್ ಪ್ರಕಾರ ಡಾಕ್ಟರು ಅವನ ವಿಷಯವನ್ನು ಗುಟ್ಟಾಗಿಡಬೇಕು. ಪ್ರಾಣಾಪಾಯ, ಕೋರ್ಟಿನ ಆದೇಶ, ಸಾರ್ವಜನಿಕ ಭದ್ರತೆ ಥರದ ಕೆಲವು ವಿನಾಯಿತಿಗಳಿವೆ, ನಿಜ. ಆದರೆ ಯಾರೋ ಬಂದು ಸುಮ್ನೆ ವಿಚಾರಿಸಿದರೆ ಹೇಳುವಂತಿಲ್ಲ. ಸೇನೆಯಂಥ, ಬಂದೂಕು ಹಿಡಿಯುವ ಕೆಲಸಗಳಲ್ಲಿ ಮೆಡಿಕಲ್ ನಿಯಮ ಬಿಗಿ. ನಿಮ್ಮ ಮಗನದು ಅಂಥದ್ದಲ್ಲ ಅಲ್ವಾ?

ಅಮೆರಿಕದ ಮಾತು ಅರ್ಧ ಸತ್ಯವೂ ಅಲ್ಲ. ಅಲ್ಲಿ ಕ್ಲಿಯರೆನ್ಸ್‌ಗೆ ತುಂಬುವ ಎಸ್‌ಎಫ್-86 ಫಾರ್ಮಿನ 21ನೇ ಪ್ರಶ್ನೆ ಮಾನಸಿಕ ಆರೋಗ್ಯದ್ದು. 2016ರಲ್ಲಿ ಅದನ್ನು ಬದಲಿಸಿದರು. ಆಸ್ಪತ್ರೆಗೆ ಸೇರಿದ್ದು, ಕೋರ್ಟು ಆದೇಶಿಸಿದ ಚಿಕಿತ್ಸೆ, ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕೆಲವು ಕಾಯಿಲೆ, ವಿವೇಚನೆಗೆ ಪೆಟ್ಟು ಕೊಟ್ಟ ಸ್ಥಿತಿ, ಇಷ್ಟನ್ನು ಕೇಳುತ್ತಾರೆ. ಹೌದು ಅಂದರೂ ಕ್ಲಿಯರೆನ್ಸ್ ತಾನಾಗಿ ತಪ್ಪಿಹೋಗುವುದಿಲ್ಲ. ಕೌನ್ಸೆಲಿಂಗ್ ಪಡೆದಿದ್ದನ್ನಷ್ಟೇ ನೋಡಿ ಕೆಟ್ಟದಾಗಿ ತೀರ್ಮಾನಿಸಬಾರದು ಎಂದು 2017ರಿಂದ ಜಾರಿಯಲ್ಲಿರುವ ಅವರ ಮಾರ್ಗಸೂಚಿಯೇ ಹೇಳುತ್ತದೆ. ಹೇಳಿದಂತೆ ಚಿಕಿತ್ಸೆ ಮುಂದುವರಿಸಿದರೆ ಅದು ಅಭ್ಯರ್ಥಿಯ ಪರವಾಗಿಯೇ ಲೆಕ್ಕಕ್ಕೆ ಬರುತ್ತದೆ.

ಚೀಟಿಗಳನ್ನು ಸುಡಬೇಡಿ, ದಿನಾಂಕದ ಪ್ರಕಾರ ಜೋಡಿಸಿ ಒಂದು ಫೈಲಿಗೆ ಹಾಕಿ. ಯಾವಾಗ ಶುರುವಾಯಿತು, ಯಾವ ಮಾತ್ರೆ, ಈಗ ಹೇಗಿದ್ದಾನೆ, ಕೆಲಸ ಮಾಡಬಲ್ಲನೇ ಎಂದು ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಸಾಧ್ಯವಾದರೆ ಚಿಕ್ಕಪ್ಪನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮನೆಯವರ ಹೆದರಿಕೆ ಇಳಿದರೆ ಹುಡುಗನ ಎದೆ ಭಾರವೂ ಇಳಿಯುತ್ತದೆ.