ಕಿವಿ ತೂತಿಗೆ ಅಕ್ರಿಲಿಕ್ ಬ್ಯಾಡ್ರಿ

ಗದಗಿನಿಂದ ಕೇಳಿದವರಿಗೆ: ಈಗ 1.6 ಮಿಮೀ ತೂತು ಐತಿ, 6 ಮಿಮೀಗೆ ಒಯ್ಯಬೇಕು, ಆನ್‌ಲೈನ್‌ನ್ಯಾಗ ತರಿಸಿದ, ತೂತು ಹಿಗ್ಗಿಸೋ ಅಕ್ರಿಲಿಕ್ ಸೆಟ್ ನಡೀತದನು ಅಂದ್ರಿ. ನಡಿಯಂಗಿಲ್ರಿ. ಅದು ಪ್ಲಾಸ್ಟಿಕ್ಕು. ಆಟೋಕ್ಲೇವ್ (ಒತ್ತಡದ ಬಿಸಿ ಹಬಿಯಿಂದ ಕ್ರಿಮಿ ಕೊಲ್ಲೋ ಯಂತ್ರ) ಬಿಸಿ ತಡಿಯಂಗಿಲ್ಲ, ಸಣ್ಣ ಗೀರಿನ್ಯಾಗ ಹೊಲಸು ಕೂಡತದ.

ಹೊಸದಾಗಿ ಹಿಗ್ಗಿಸಿದ ತೂತಿಗೆ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ತಗೋರಿ, ಅದರ ಗುಣಮಟ್ಟದ ನಂಬರು ಎಎಸ್‌ಟಿಎಂ ಎಫ್136 ಅಂತ ಬರದಿರಬೇಕು. ಇಲ್ಲಾ ಬೋರೋಸಿಲಿಕೇಟ್ ಗಾಜು. ಪ್ಲಗ್ (ತೂತಿನ್ಯಾಗ ಕೂಡೋ ಬಿರಡಿ) ಆದ್ರ ಅಗಲಾದ ಅಂಚು ಒಂದ ಕಡೆ ಮಾತ್ರ ಇರಲಿ. 'ಸರ್ಜಿಕಲ್ ಸ್ಟೀಲ್' ಅಂತ ಮಾರೋ 316ಎಲ್‌ನ್ಯಾಗ ನೂರಕ್ಕ 10ರಿಂದ 14 ಪಾಲು ನಿಕ್ಕೆಲ್ ಇರತದ, ಅದು ಕೆಲವರಿಗೆ ಅಲರ್ಜಿ ಮಾಡತದ. ಒಂದು ಗ್ರಾಂ ಗೋಲ್ಡ್ ಹಾಕ್ಕೊಂಡ್ರ ಕಿವಿ ತುರಸೋರು ನೀವಾಗಿದ್ರ ಆ ಸ್ಟೀಲಿನ ಗೊಡವಿ ಬ್ಯಾಡ. ಸಿಲಿಕೋನ್, ಕಟ್ಟಿಗಿ, ಕೊಂಬು ಎಲ್ಲಾ ಪೂರ್ತಿ ಮಾಗಿದ ಮ್ಯಾಲೆ.

ನಮ್ಮ ಧಾರವಾಡ ಕಡೆ ಅಜ್ಜಿ ಜ್ವಾಳದ ದಂಟಿನ ಬೆಂಡು ತುರುಕಿ ತೂತು ದೊಡ್ಡದು ಮಾಡ್ಕೊಂಡಿದ್ಲು. ಯಾರರ ನಿಮಗೂ ಅದನ್ನ ಹೇಳ್ಯಾರು, ಕೇಳಬ್ಯಾಡ್ರಿ. ಬೆಂಡು ನೀರು ಹೀರಿ ತನಗ ತಿಳಿದಷ್ಟು ಉಬ್ಬತದ, ಅಳತಿ ನಮ್ಮ ಕೈಯಾಗ ಇರಂಗಿಲ್ಲ. ಅಜ್ಜಿದು ಒಂದು ಕಿವಿ ಕಡೀಕ ಹರದು ಹೊಲಿಸಬೇಕಾತು. ವಾಲಿ ಭಾರಾನೂ ಇತ್ತು ಅನ್ರಿ.

ತೂತು ಹಿಗ್ಗಿಸೋದು 1.6ರಿಂದ 2 ಮಿಮೀ, ಆಮ್ಯಾಲೆ 2.5, 3, 4, ಹಿಂಗ. ನಡುವ ಕಡಿಮಿ ಅಂದ್ರೂ 6ರಿಂದ 8 ವಾರ ಬಿಡ್ರಿ. ಟೇಪರ್ (ತುದಿ ಸಣ್ಣ, ಬುಡ ದಪ್ಪ ಇರೋ ಕಡ್ಡಿ) ದಾರಿ ಮಾಡಾಕಷ್ಟ, ಹಾಕ್ಕೊಂಡು ತಿರಗಾಕಲ್ಲ. ರಕ್ತ ಕಂಡ್ರ ಹಿಂದಿನ ಸೈಜಿಗೆ ವಾಪಸ್. ಕೀವು, ಜ್ವರ ಬಂದ್ರ ಚರ್ಮದ ಡಾಕ್ಟರ ಕಡೆ ಹೋಗ್ರಿ, ಅರಿಷಿಣ ಹಚ್ಚಿ ಕೂಡಬ್ಯಾಡ್ರಿ.